ಪಿಕ್ಸೆಲ್ ಡಂಜನ್: ನಾಲ್ಕನೇ ಫ್ಲೋರ್ ದಾಟದಿರುವುದು ನಸೀಬೋ, ಆಟವೋ?

ಪ್ರಶ್ನೆ: “ಶಾಟರ್ಡ್ ಪಿಕ್ಸೆಲ್ ಡಂಜನ್ ಆಡಾಕತ್ತೀನ್ರಿ. ನಾಲ್ಕು, ಹೆಚ್ಚಂದ್ರ ಐದನೇ ಫ್ಲೋರ್‌ಗೆ ಸಾಯ್ತೀನಿ, ಮತ್ತ ಒಂದರಿಂದ ಸುರು. ಬೆಳಗಾವಿ ಹಾಸ್ಟೆಲ್‌ನಾಗಿನ ಗೆಳ್ಯಾರು ಕೆಲವ್ರು ‘ಇದು ಬರೇ ನಸೀಬಿನ ಆಟ, ಬಿಡು’ ಅಂತಾರ. ಇನ್ನ ಕೆಲವ್ರು ‘ಇದರಂಥಾ ಆಟ ಇಲ್ಲ’ ಅಂತಾರ. ಯಾರ ಮಾತು ಖರೇ ರೀ?” — ಜಮಖಂಡಿಯ ಓದುಗರೊಬ್ಬರು

ಇದು ನೆಲಮಾಳಿಗೆಯಲ್ಲಿ ಒಂದೊಂದೇ ಫ್ಲೋರ್ ಕೆಳಗಿಳಿಯುತ್ತಾ ಹೋಗುವ ಮೊಬೈಲ್ ಆಟ. ಐದನೇ ಫ್ಲೋರ್‌ವರೆಗೆ ನಸೀಬಿನ ಮಾತು ಸುಳ್ಳು. ಅದರ ಕೆಳಗೆ ಸ್ವಲ್ಪ ಖರೆ. ನೀವು ಸಾಯುತ್ತಿರುವ ಜಾಗದಲ್ಲಿ ಸಾವಿಗೆ ಕಾರಣ ಹೆಚ್ಚಾಗಿ ಮೂರೇ: ಬಯಲಲ್ಲಿ ನಿಂತು ಬಡಿದಾಡುವುದು, ಗುರುತು ಸಿಗದ ಪೋಷನ್ (ಕುಡಿಯುವ ಮದ್ದು) ಮತ್ತು ಸ್ಕ್ರೋಲ್‌ಗಳನ್ನು (ಓದುವ ಮಂತ್ರದ ಸುರುಳಿ) ಚೀಲದಲ್ಲೇ ಕೂಡಿಡುವುದು, ಸಾಮಾನಿನ ಬಲ ಏರಿಸಲು ಸಿಕ್ಕ ಅಪ್‌ಗ್ರೇಡ್‌ಗಳನ್ನು ಎಲ್ಲದಕ್ಕೂ ಹಂಚುವುದು. ಮೂರೂ ನಿಮ್ಮ ಕೈಯಲ್ಲೇ ಇವೆ.

ಮೊದಲು ಯಾವ ಆಟದ ಮಾತು ಎಂಬುದು ಸ್ಪಷ್ಟವಿರಲಿ. ಮೂಲ ಪಿಕ್ಸೆಲ್ ಡಂಜನ್ ಅನ್ನು ವಾಟಬೌ ಹೆಸರಿನಲ್ಲಿ ಬರೆಯುವ ಒಲೆಗ್ ಡೊಲ್ಯಾ 2012ರಲ್ಲಿ ಬಿಟ್ಟರು. 2014ರಲ್ಲಿ ಅದರ ಕೋಡ್ ಎಲ್ಲರಿಗೂ ತೆರೆದುಕೊಂಡಿತು. ಅದೇ ವರ್ಷ ಇವಾನ್ ಡೆಬೆನ್‌ಹ್ಯಾಮ್ ಆ ಕೋಡಿನಿಂದ ಶಾಟರ್ಡ್ ಶುರು ಮಾಡಿ ಇಂದಿಗೂ ಬೆಳೆಸುತ್ತಿದ್ದಾರೆ. ಇಬ್ಬರ ಆಟದ ಚಿತ್ರ ಒಂದೇ ಥರ ಕಂಡರೂ ಒಳಲೆಕ್ಕ ಬೇರೆ, ಹಾಗಾಗಿ ಹಳೆಯ ಆಟದ ಸಲಹೆಯನ್ನು ಇದಕ್ಕೆ ಹಚ್ಚಬೇಡಿ. ಇಲ್ಲಿರುವ ಅಂಕಿಗಳೆಲ್ಲ ಶಾಟರ್ಡ್‌ನವು. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಜಾಹೀರಾತಿಲ್ಲ, ನೆಟ್ ಬೇಕಿಲ್ಲ. ನೀವು ಹೆಜ್ಜೆ ಇಟ್ಟರೆ ಮಾತ್ರ ವೈರಿಯೂ ಹೆಜ್ಜೆ ಇಡುತ್ತಾನೆ. ವಿಜಯಪುರದ ಬಸ್ಸಿನಲ್ಲಿ ಕುಳಿತು ಆಡುವಾಗ ನಡುವೆ ಟಿಕೆಟ್ ತೆಗೆಸಿಕೊಂಡರೂ ಯಾರೂ ನಿಮ್ಮನ್ನು ಕೊಲ್ಲುವುದಿಲ್ಲ.

ಇನ್ನು ನಸೀಬಿನ ವಿಷಯ. ನಕ್ಷೆ, ಪೋಷನ್ನಿನ ಬಣ್ಣ, ಸ್ಕ್ರೋಲಿನ ಅಕ್ಷರ ಪ್ರತಿ ಆಟಕ್ಕೂ ಬದಲಾಗುತ್ತವೆ ನಿಜ. ಆದರೆ ನಿಮ್ಮನ್ನು ಬಲಪಡಿಸುವ ಮುಖ್ಯ ಸಾಮಾನುಗಳು ಎಣಿಸಿಟ್ಟ ಹಾಗೆ ಬರುತ್ತವೆ. ಐದೈದು ಫ್ಲೋರ್‌ಗೆ ಅಪ್‌ಗ್ರೇಡ್ ಸ್ಕ್ರೋಲ್ ಮೂರು, ಸ್ಟ್ರೆಂತ್ (ತಾಕತ್ತು) ಏರಿಸುವ ಪೋಷನ್ ಎರಡು. ಇದು ಪಾಳಿ ತಪ್ಪುವುದಿಲ್ಲ. ಐದನೇ ಫ್ಲೋರ್‌ನ ಬಾಸ್ ಮುಂದೆ ನಿಂತಾಗ ನಿಮ್ಮ ಕೈಗೆ ಮೂರು ಅಪ್‌ಗ್ರೇಡ್ ಬಂದಿಲ್ಲವೆಂದರೆ ಆಟ ಕೊಟ್ಟಿಲ್ಲ ಎಂದಲ್ಲ. ಯಾವುದೋ ಬೀಗದ ಕೋಣೆ ಬಿಟ್ಟು ಬಂದಿದ್ದೀರಿ, ಇಲ್ಲವೇ ಅದು ಗುರುತಿಲ್ಲದೆ ಚೀಲದಲ್ಲೇ ಬಿದ್ದಿದೆ. ಮೆಟ್ಟಿಲು ಕಂಡ ಕೂಡಲೇ ಇಳಿಯುವವರು ಮೊದಲು ಕಳೆದುಕೊಳ್ಳುವುದು ಇದನ್ನೇ.

ಆ ಅಪ್‌ಗ್ರೇಡ್ ಎಲ್ಲಿಗೆ ಹಾಕಬೇಕು ಎಂಬುದರಲ್ಲಿ ಆಟಗಾರರ ಜಗಳ ಮುಗಿದೇ ಇಲ್ಲ. ಅಂಕಿ ನೋಡಿ, ನೀವೇ ತೀರ್ಮಾನಿಸಿ. ಆರಂಭದ ಬಟ್ಟೆಯ ಆರ್ಮರ್ (ಕವಚ) ಒಂದು ಏಟಿನಲ್ಲಿ 0ಯಿಂದ 2ರವರೆಗೆ ತಡೆಯುತ್ತದೆ, ಪ್ಲೇಟ್ ಆರ್ಮರ್ 0ಯಿಂದ 10ರವರೆಗೆ. ಒಂದೊಂದು ಅಪ್‌ಗ್ರೇಡ್‌ಗೆ ಬಟ್ಟೆಯ ಮೇಲ್ಮಿತಿ 1 ಏರಿದರೆ ಪ್ಲೇಟಿನದು 5 ಏರುತ್ತದೆ. ಆರು ಅಪ್‌ಗ್ರೇಡ್ ಹಾಕಿದ ಬಟ್ಟೆ ತಡೆಯುವುದು 6ರಿಂದ 8, ಆರು ಹಾಕಿದ ಪ್ಲೇಟ್ ತಡೆಯುವುದು 6ರಿಂದ 40. ಅದೇ ಆರು ಸ್ಕ್ರೋಲ್! ಅದನ್ನು ಕತ್ತಿಗೆ ಎರಡು, ಆರ್ಮರ್‌ಗೆ ಎರಡು, ಉಂಗುರಕ್ಕೆ ಒಂದು, ಕೋಲಿಗೆ ಒಂದು ಎಂದು ಹಂಚಿದರೆ, ಹೊಲದಲ್ಲಿ ಆರು ಕಡೆ ಐವತ್ತೈವತ್ತು ಅಡಿ ಬೋರ್ ಕೊರೆಸಿದ ಹಾಗೆ; ಎಲ್ಲಿಯೂ ನೀರು ಬರುವುದಿಲ್ಲ.

‘ಪ್ಲೇಟಿಗೆ 18 ಸ್ಟ್ರೆಂತ್ ಬೇಕಲ್ಲ, ನಮ್ಮದು 10’ ಎಂಬುದು ಮುಂದಿನ ಪ್ರಶ್ನೆ. ಅಪ್‌ಗ್ರೇಡ್ ಆ ಬೇಡಿಕೆಯನ್ನೂ ಇಳಿಸುತ್ತದೆ: ಒಂದನೆಯದಕ್ಕೆ ಒಂದು, ಮೂರನೆಯದಕ್ಕೆ ಇನ್ನೊಂದು, ಆರನೆಯದಕ್ಕೆ ಮತ್ತೊಂದು. ಹತ್ತು ಫ್ಲೋರ್ ಮುಗಿಸಿದವರ ಬಳಿ 14 ಸ್ಟ್ರೆಂತ್, ಆರು ಅಪ್‌ಗ್ರೇಡ್ ಇರುತ್ತವೆ. ಆರೂ ಪ್ಲೇಟಿಗೆ ಹೋದರೆ ಅದು ಕೇಳುವುದು 15. ಒಂದೇ ಅಂಕ ಕೊರತೆ. ತಪ್ಪಿಸಿಕೊಳ್ಳುವ ಗುಣ ಮತ್ತು ನಡಿಗೆ ಕೊಂಚ ಕುಂದುತ್ತವೆ, ಹನ್ನೊಂದರಿಂದಾಚೆ ಮುಂದಿನ ಪೋಷನ್ ಸಿಕ್ಕ ಕೂಡಲೇ ಅದೂ ಸರಿಹೋಗುತ್ತದೆ. ಪ್ಲೇಟ್ ಸಿಗಲಿಲ್ಲವೇ? 16 ಕೇಳುವ ಸ್ಕೇಲ್ ಆರ್ಮರ್ ಅಥವಾ 14 ಕೇಳುವ ಮೇಲ್ ಆರ್ಮರ್ ಸಾಕು. ‘ಒಳ್ಳೇದು ಸಿಗೋತನಕ ಕಾಯ್ತೀನಿ’ ಎಂದು ಸ್ಕ್ರೋಲ್ ಕೂಡಿಟ್ಟು ಅವುಗಳ ಸಮೇತ ಸಾಯುವವರೂ ಕಡಿಮೆಯಿಲ್ಲ. ನಮ್ಮ ಅಭಿಪ್ರಾಯ: ಮೊದಲ ಮೂರನ್ನು ಬೇಕಾದರೆ ಹಿಡಿದಿಡಿ, ಏಳನೇ ಫ್ಲೋರ್‌ನಿಂದಾಚೆ ಕೈಯಲ್ಲಿರುವ ಒಳ್ಳೆಯ ಆರ್ಮರ್‌ಗೋ ಆಯುಧಕ್ಕೋ ಹಾಕಿಬಿಡಿ. ವಾರಿಯರ್ (ಯೋಧ) ಎಂಬ ನಾಯಕನನ್ನು ಆಯ್ದು ಆಡುವವರಿಗೆ ಒಂದು ರಿಯಾಯಿತಿ ಇದೆ: ಅವನ ಮುರಿದ ಮುದ್ರೆಯನ್ನು ಬೇರೆ ಆರ್ಮರ್‌ಗೆ ಹಚ್ಚಿದಾಗ ಒಂದು ಅಪ್‌ಗ್ರೇಡ್ ಜೊತೆಗೇ ಹೋಗುತ್ತದೆ, ಹಾಗಾಗಿ ಮೊದಲನೆಯದನ್ನು ಬಟ್ಟೆಗೆ ಹಾಕಿದರೂ ನಷ್ಟವಿಲ್ಲ.

ಗುರುತಿಲ್ಲದ ಸ್ಕ್ರೋಲ್‌ಗಳ ಪೈಕಿ ಅಪ್‌ಗ್ರೇಡ್ ಯಾವುದು ಎಂದು ತಿಳಿಯುವುದು ಕಷ್ಟವಲ್ಲ. ಐಡೆಂಟಿಫೈ ಸ್ಕ್ರೋಲ್ ಮೊದಲಿನಿಂದಲೇ ಗುರುತಾಗಿರುತ್ತದೆ. ಉಳಿದವುಗಳಲ್ಲಿ ಹೆಚ್ಚು ಸಿಗುವುದು ಅಪ್‌ಗ್ರೇಡೇ, ಆದ್ದರಿಂದ ಮೂರು–ನಾಲ್ಕು ಫ್ಲೋರ್‌ನೊಳಗೆ ಒಂದೇ ಗುರುತಿನ ಎರಡು ಬಂದರೆ ಬಹುತೇಕ ಅದೇ. ಓದುವ ಮೊದಲೇ ಯಾವ ಸಾಮಾನಿಗೆ ಹಾಕಬೇಕೆಂದು ನಿರ್ಧರಿಸಿಕೊಳ್ಳಿ. ಗುರುತಿಲ್ಲದೆ ಓದಿ, ಆಮೇಲೆ ಬೇಡ ಎಂದು ಹಿಂದೆ ಸರಿದರೆ ಸ್ಕ್ರೋಲ್ ವ್ಯರ್ಥವಾಗುತ್ತದೆ. ಮೇಜ್ (ಮಾಂತ್ರಿಕ) ಎಂಬ ನಾಯಕನನ್ನು ಆಡಿದರೆ ಈ ತಲೆನೋವೇ ಇಲ್ಲ, ಅವನಿಗೆ ಅಪ್‌ಗ್ರೇಡ್ ಸ್ಕ್ರೋಲ್ ಮೊದಲೇ ಗೊತ್ತು. ವಾರಿಯರ್‌ಗೆ ಗಾಯ ಮಾಯಿಸುವ ಹೀಲಿಂಗ್ ಪೋಷನ್ ಗೊತ್ತು. ಹೊಸಬರಿಗೆ ವಾರಿಯರನ್ನೇ ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಪೋಷನ್ ಕುಡಿದು ನೋಡುವುದಕ್ಕೆ ಜಾಗ ಮುಖ್ಯ. ವೈರಿಯಿಲ್ಲದ ಕೋಣೆ, ಎಚ್‌ಪಿ (ಜೀವಬಲ) ತುಂಬಿರಬೇಕು, ಒಂದೆರಡು ಹೆಜ್ಜೆಯಲ್ಲಿ ನೀರು, ಪಕ್ಕದಲ್ಲೇ ಬಾಗಿಲು. ಬೆಂಕಿಯ ಪೋಷನ್ ಆಗಿದ್ದರೆ ನೀರಿಗೆ ಕಾಲಿಡಿ, ಉರಿ ಆರುತ್ತದೆ. ವಿಷಗಾಳಿಯಾಗಿದ್ದರೆ ಬಾಗಿಲಾಚೆ ಹೋಗಿ. ಮುಚ್ಚಿದ ಬಾಗಿಲು ಗಾಳಿಯನ್ನು ತಡೆಯುತ್ತದೆ. ಪಾರ್ಶ್ವವಾಯು ತರುವ ಗಾಳಿಯಾದರೆ ಏನೂ ಮಾಡಲಾಗದು, ಅದಕ್ಕೇ ವೈರಿಯಿಲ್ಲದ ಕೋಣೆ ಬೇಕೆಂದದ್ದು. ಎತ್ತರದ ಹುಲ್ಲಿನ ನಡುವೆ ನಿಂತು ಕುಡಿಯಬೇಡಿ, ಬೆಂಕಿಯ ಪೋಷನ್ ಬಂದರೆ ಕೋಣೆಯೇ ಹೊತ್ತಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಫ್ಲೋರ್ ಪೂರ್ತಿ ನೋಡದೆ ಅಲ್ಲಿ ಸಿಕ್ಕ ಹೊಸ ಪೋಷನ್ ಕುಡಿಯಬೇಡಿ. ದಾರಿಗೆ ಅಡ್ಡವಿರುವ ಕೋಣೆ ಇದ್ದರೆ, ಅದನ್ನು ದಾಟಿಸುವ ಪೋಷನ್ ಅದೇ ಫ್ಲೋರ್‌ನಲ್ಲಿ ಇಟ್ಟಿರುತ್ತಾರೆ. ಮರದ ಹಲಗೆ ಅಡ್ಡ ಹೊಡೆದಿದ್ದರೆ ಬೆಂಕಿ, ಪಿರಾನಾ ಮೀನಿನ ಹೊಂಡಕ್ಕೆ ಕಾಣದಂತೆ ಮಾಡುವ ಇನ್‌ವಿಸಿಬಿಲಿಟಿ, ವಿಷಗಾಳಿ ತುಂಬಿದ ಕೋಣೆಗೆ ಗಾಳಿ ಶುದ್ಧ ಮಾಡುವ ಪ್ಯೂರಿಟಿ, ಬಲೆಗಳೋ ಕಂದಕವೋ ಅಡ್ಡವಿದ್ದರೆ ತೇಲಿಸುವ ಲೆವಿಟೇಷನ್, ಆರದ ಮಾಯಾ ಬೆಂಕಿಗೆ ಹಿಮದ ಫ್ರಾಸ್ಟ್. ಹೊಂಡದಾಚೆ ಪೆಟ್ಟಿಗೆ ಕಂಡಿತು, ಚೀಲದಲ್ಲಿ ಇದೇ ಫ್ಲೋರ್‌ನಲ್ಲಿ ಸಿಕ್ಕ ಒಂದೇ ಒಂದು ಗುರುತಿಲ್ಲದ ಪೋಷನ್ ಇದೆ ಎಂದರೆ ಅದರ ಹೆಸರು ಪುಕ್ಕಟೆ ಸಿಕ್ಕಂತೆ.

ಈಗ ಬಡಿದಾಟ. ಒಂದನೇ ಫ್ಲೋರ್‌ನಿಂದಲೇ ಹಾವು ಬರುತ್ತದೆ. ಅದರ ಎಚ್‌ಪಿ ಬರೀ 4, ಆದರೆ ಎದುರಿನಿಂದ ಹೊಡೆದರೆ ಸಾಲು ಸಾಲಾಗಿ ಏಟು ತಪ್ಪುತ್ತದೆ. ಹೊಸಬರು ಇಲ್ಲಿಯೇ ‘ಮೋಸದ ಆಟ’ ಎನ್ನಲು ಶುರು ಮಾಡುತ್ತಾರೆ. ಆಟ ಅಲ್ಲಿ ಕಲಿಸುತ್ತಿರುವುದು ಬಾಗಿಲಿನ ಉಪಯೋಗ. ವೈರಿ ಬೆನ್ನು ಹತ್ತಿದಾಗ ಬಾಗಿಲು ದಾಟಿ, ಹೊಸ್ತಿಲಿಗೆ ತಾಗಿದ ಒಂದು ಚೌಕದಲ್ಲಿ, ಪಕ್ಕಕ್ಕೆ ಸರಿದು ನಿಲ್ಲಿ. ಬಾಗಿಲು ಮುಚ್ಚಿಕೊಳ್ಳುವುದರಿಂದ ಅದಕ್ಕೆ ನೀವು ಕಾಣುವುದಿಲ್ಲ. ಕಾಯುವ ಗುಂಡಿ ಒತ್ತುತ್ತಾ ಇರಿ. ಅದು ಹೊಸ್ತಿಲ ಮೇಲೆ ಕಾಲಿಟ್ಟ ಕೂಡಲೇ ಹೊಡೆಯಿರಿ. ಕಾಣದೆ ಬಿದ್ದ ಏಟು ತಪ್ಪುವ ಮಾತೇ ಇಲ್ಲ. ಸಾಯಲಿಲ್ಲವೇ, ಇನ್ನೊಂದು ಬಾಗಿಲಿಗೆ ಹೋಗಿ ಮತ್ತೆ ಅದನ್ನೇ ಮಾಡಿ. ಎತ್ತರದ ಹುಲ್ಲೂ ಕಣ್ಣು ತಪ್ಪಿಸಲು ನಡೆಯುತ್ತದೆ.

ನೊಣದ ಗುಂಪು ಏಟು ಬಿದ್ದಂತೆ ಒಡೆದು ಎರಡಾಗುತ್ತದೆ. ಬಯಲಲ್ಲಿ ಹೊಡೆದರೆ ನಾಲ್ಕೂ ಕಡೆ ಮುತ್ತಿಕೊಳ್ಳುತ್ತದೆ, ಇಕ್ಕಟ್ಟಾದ ಓಣಿಯಲ್ಲಿ ಒಂದೊಂದೇ ಎದುರಾಗುತ್ತದೆ. ನಿಮ್ಮನ್ನು ಮೂರು–ನಾಲ್ಕನೇ ಫ್ಲೋರ್‌ನಲ್ಲಿ ಕೊಲ್ಲುತ್ತಿರುವುದು ಬಹುಶಃ ಏಡಿ. 15 ಎಚ್‌ಪಿ, ನೀವು ಒಂದು ಹೆಜ್ಜೆ ಇಡುವಷ್ಟರಲ್ಲಿ ಅದು ಎರಡು ಇಡುತ್ತದೆ. ಓಡಿದರೆ ಬೆನ್ನಿಗೆ ಏಟು. ಕಂಡಾಗ ದೂರದಿಂದ ಕಲ್ಲು ಎಸೆಯಿರಿ, ಆಮೇಲೆ ಬಾಗಿಲ ಪಕ್ಕ ನಿಲ್ಲಿ. ದೆವ್ವ ಕೊಡುವ ಕೆಲಸದಲ್ಲಿ ನಾಲ್ಕನೇ ಫ್ಲೋರ್‌ಗೆ ಬರುವ ದೊಡ್ಡ ಏಡಿಯಂತೂ ನಿಮ್ಮನ್ನು ನೋಡುತ್ತಿರುವವರೆಗೆ ಎಲ್ಲ ಏಟನ್ನೂ ತಡೆಯುತ್ತದೆ. ಅದಕ್ಕೆ ಬಾಗಿಲು ಬಿಟ್ಟರೆ ಬೇರೆ ಮದ್ದು ಹುಡುಕಬೇಡಿ.

ಗಾಯವಾದಾಗಲೆಲ್ಲ ಕುಳಿತು ವಿಶ್ರಾಂತಿ ತೆಗೆದುಕೊಳ್ಳುವ ಅಭ್ಯಾಸಕ್ಕೂ ಬೆಲೆ ಇದೆ. ಸುಮಾರು 10 ಟರ್ನ್‌ಗೆ (ನಡೆಗೆ) 1 ಎಚ್‌ಪಿ ಮರಳುತ್ತದೆ. ಆರಂಭದ 20 ಎಚ್‌ಪಿ ಪೂರ್ತಿ ತುಂಬಿಸಿಕೊಳ್ಳಲು 200 ಟರ್ನ್ ಬೇಕು. ಹಸಿವು ಕಾಣಿಸುವುದು 300ಕ್ಕೆ, ಉಪವಾಸದಿಂದ ಎಚ್‌ಪಿ ಇಳಿಯತೊಡಗುವುದು 450ಕ್ಕೆ. ಒಂದು ಊಟದ ಪೊಟ್ಟಣ 300 ಟರ್ನ್‌ನ ಹಸಿವು ನೀಗಿಸುತ್ತದೆ. ಅಂದರೆ ಒಮ್ಮೆ ಪೂರ್ತಿ ಮಲಗಿ ಎದ್ದರೆ ಮೂರರಲ್ಲಿ ಎರಡು ಪಾಲು ಊಟ ಖರ್ಚು. ‘ಊಟ ಸಾಲುವುದಿಲ್ಲ’ ಎನ್ನುವವರ ಊಟ ಹೋಗಿರುವುದು ಇಲ್ಲೇ. ಬದಲಿಗೆ ಹುಲ್ಲು ತುಳಿದು ಸಿಗುವ ಇಬ್ಬನಿಯನ್ನು ನೀರಿನ ಚೀಲದಲ್ಲಿ ತುಂಬಿಸಿ: ಒಂದು ಹನಿಗೆ ನೂರಕ್ಕೆ ಐದರಷ್ಟು ಎಚ್‌ಪಿ, 20 ಹನಿಗೆ ಪೂರ್ತಿ. ಹಸಿವಿನ ಗುರುತು ಬರುವ ಮೊದಲೇ ತಿಂದರೆ ಅಷ್ಟು ಪಾಲು ದಂಡ.

ಬಿದ್ದಿರುವ ಆರ್ಮರ್, ಕತ್ತಿ ಕಂಡದ್ದೇ ತೊಡುವವರಿಗೆ ಒಂದು ಮಾತು: ನೆಲದ ಮೇಲೆ ಸಿಗುವುದರಲ್ಲಿ ಹತ್ತಕ್ಕೆ ಸುಮಾರು ಮೂರು ಶಾಪಗ್ರಸ್ತ, ತೊಟ್ಟ ಮೇಲೆ ತೆಗೆಯಲು ಬರುವುದಿಲ್ಲ.

ಐದನೇ ಫ್ಲೋರ್‌ನ ಗೂ ಎಂಬ ಲೋಳೆಯ ಬಾಸ್‌ಗೆ 100 ಎಚ್‌ಪಿ. ನೀರಿನಲ್ಲಿ ನಿಂತರೆ ಅದರ ಗಾಯ ತಾನೇ ಮಾಯುತ್ತದೆ, ಆದ್ದರಿಂದ ಒಣ ನೆಲಕ್ಕೆ ಎಳೆದು ತನ್ನಿ. ಅದು ಉಬ್ಬಿಕೊಳ್ಳುತ್ತಿದೆ ಎಂಬ ಸಂದೇಶ ಕಂಡರೆ ಇನ್ನೊಂದು ಏಟು ಹಾಕುವ ಆಸೆ ಬಿಡಿ. ಉಬ್ಬಿದ ಏಟು ಎರಡು ಚೌಕ ದೂರಕ್ಕೂ ತಾಗುತ್ತದೆ. ಮೂರು ಚೌಕ ಹಿಂದೆ ಸರಿಯಿರಿ, ಇಲ್ಲವೇ ಕಂಬದ ಮರೆಗೆ ಹೋಗಿ. ಅರ್ಧ ಎಚ್‌ಪಿ ಇಳಿದ ಮೇಲೆ ಅದು ಉಬ್ಬುವುದು ಹೆಚ್ಚುತ್ತದೆ, ಹೊಸಬರು ಸಾಯುವುದೂ ಆಗಲೇ.

ಹಾಗಾದರೆ ಬೈಯುವವರದ್ದು ಎಲ್ಲವೂ ತಪ್ಪೇ? ಇಲ್ಲ. ಪ್ಲೇಟ್ ಸಿಗುತ್ತದೆಯೋ ಒಳ್ಳೆಯ ಮಾಂತ್ರಿಕ ಕೋಲು ಸಿಗುತ್ತದೆಯೋ ಎಂಬುದು ಖಂಡಿತ ನಸೀಬು, ಕೆಲವು ಆಟ ಹನ್ನೊಂದರಿಂದಾಚೆಯ ಗುಹೆಗಳಲ್ಲಿ ಭಾರವಾಗಿಯೇ ಸಾಗುತ್ತದೆ. ಸತ್ತರೆ ಬಹುತೇಕ ಏನೂ ಉಳಿಯುವುದಿಲ್ಲ ಎಂಬುದೂ ನಿಜ. ಅದು ದೋಷವಲ್ಲ, 1980ರ ರೋಗ್ ಆಟದಿಂದ ಬಂದ ಕಟ್ಟಳೆ. ಇಡೀ ಆಟದ ಗುರಿಯಾದ, 26ನೇ ಫ್ಲೋರ್‌ನಲ್ಲಿರುವ ಯೆಂಡೋರ್‌ನ ತಾಯಿತವೂ ಅಲ್ಲಿಂದಲೇ ಬಂದದ್ದು. ದಿನಾ ಆಡಿದಂತೆ ನಾಯಕ ತಾನಾಗಿ ಬಲವಾಗುತ್ತಾ ಹೋಗಬೇಕು ಎನ್ನುವವರಿಗೆ ಈ ಆಟ ಒಗ್ಗುವುದಿಲ್ಲ, ಅಂಥವರಿಗೆ ನಾವು ಒತ್ತಾಯ ಮಾಡುವುದೂ ಇಲ್ಲ.

ಗೆಳೆಯರಲ್ಲಿ ಯಾರ ಮಾತು ಕೇಳಬೇಕೆಂದರೆ ಸತ್ತಾಗಿನ ಚೀಲ ತೋರಿಸಲು ಹೇಳಿ. ಸತ್ತ ಮೇಲೆ ಚೀಲದ ಎಲ್ಲ ಸಾಮಾನಿನ ಹೆಸರು ಬಯಲಾಗುತ್ತದೆ. ಅಲ್ಲಿ ಬಳಸದ ಅಪ್‌ಗ್ರೇಡ್ ಎಷ್ಟಿವೆ, ಕುಡಿಯದ ಹೀಲಿಂಗ್ ಇದೆಯೇ, ತುಂಬಿದ ನೀರಿನ ಚೀಲ ಹಾಗೇ ಇದೆಯೇ ನೋಡಿ. ಚೀಲ ಬರಿದಾಗಿದ್ದೂ ಸತ್ತವನು ನಸೀಬು ಎಂದರೆ ಒಪ್ಪಬಹುದು. ನಿಮ್ಮದೂ ಮುಂದಿನ ಸಲ ಸತ್ತಾಗ ಮೊದಲು ಅದನ್ನೇ ತೆರೆಯಿರಿ, ಹೊಸ ಆಟ ಆಮೇಲೆ.