ಸ್ತನ ಕ್ಯಾನ್ಸರ್ ಮತ್ತು ಗುಂಪು ಚಿಕಿತ್ಸೆ: ಎರಡು ದಿನ ಕಾಡಿದ ಒಂದು ಸಾಲು

ಕೋಲಾರದಲ್ಲಿ ನರ್ಸಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಈ ಪಾಠ ನಿನ್ನೆ ರಾತ್ರಿ ತಲೆಗೆ ಹತ್ತಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಗುಂಪು ಚಿಕಿತ್ಸೆ ಎಂದರೆ ಎಂಟು–ಹತ್ತು ಹೆಂಗಸರು, ಜೊತೆಗೆ ತರಬೇತಿ ಪಡೆದ ಚಿಕಿತ್ಸಕರು. ಸಾಮಾನ್ಯವಾಗಿ ವಾರಕ್ಕೊಂದು ಸಲ, ಒಂದೂವರೆ ಗಂಟೆ. ಸ್ತ್ರೀಶಕ್ತಿ ಸಂಘದ ಸಭೆ ನೋಡಿದವರಿಗೆ ಹೀಗೆ ಸುತ್ತ ಕೂರುವುದು ಹೊಸದಲ್ಲ. ಇಲ್ಲಿ ಸಾಲದ ಲೆಕ್ಕದ ಬದಲು ಭಯದ ಮಾತು. ಕೇಳಿದ್ದು ಬಾಗಿಲು ದಾಟಬಾರದು. ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಚಿಕಿತ್ಸೆ) ಗುಂಪಿನಲ್ಲಿ ಇಷ್ಟೇ ವಾರ ಎಂದು ಲೆಕ್ಕ ಇರುತ್ತದೆ, ಮನೆಯಲ್ಲಿ ಮಾಡುವ ಅಭ್ಯಾಸವೂ ಇರುತ್ತದೆ. ಸಪೋರ್ಟಿವ್-ಎಕ್ಸ್‌ಪ್ರೆಸಿವ್ ಗುಂಪಿನಲ್ಲಿ ಸಾವಿನ ಭಯವನ್ನೂ ಬಾಯಿಬಿಟ್ಟು ಹೇಳಿಕೊಳ್ಳಬಹುದು.

ಗುಂಪಿಗೆ ಬಂದರೆ ಆಯಸ್ಸು ಹೆಚ್ಚುತ್ತದೆಯೇ ಎಂಬ ವಿಷಯ ಬೇಗ ಮುಗಿಸುತ್ತೇನೆ. 1989ರಲ್ಲಿ ಡೇವಿಡ್ ಸ್ಪೀಗೆಲ್ ತಂಡ, ಕ್ಯಾನ್ಸರ್ ಬೇರೆ ಅಂಗಗಳಿಗೂ ಹರಡಿದ್ದ 86 ಮಹಿಳೆಯರ ಫಲಿತಾಂಶ ಪ್ರಕಟಿಸಿತು. ಗುಂಪಿನಲ್ಲಿದ್ದವರು ಸರಾಸರಿ 36.6 ತಿಂಗಳು ಬದುಕಿದ್ದರು, ಇಲ್ಲದವರು 18.9 ತಿಂಗಳು. ದೊಡ್ಡ ಸುದ್ದಿಯಾಯಿತು. 2001ರಲ್ಲಿ ಪಮೇಲಾ ಗುಡ್ವಿನ್ ತಂಡ 235 ಮಹಿಳೆಯರಲ್ಲಿ ನೋಡಿದಾಗ ಆಯಸ್ಸು ಹೆಚ್ಚಲಿಲ್ಲ. 2007ರಲ್ಲಿ ಸ್ಪೀಗೆಲ್ ಅವರೇ ಮತ್ತೆ ಮಾಡಿದ ಅಧ್ಯಯನದಲ್ಲೂ ಒಟ್ಟಾರೆ ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ. ಹಾಗಾಗಿ ‘ಗುಂಪಿಗೆ ಬಂದರೆ ಜಾಸ್ತಿ ದಿನ ಬದುಕುತ್ತೀರಿ’ ಎಂದು ಯಾರಿಗೂ ಹೇಳಬೇಡಿ.

ನಾನು ಮುಗ್ಗರಿಸಿದ್ದು ಮುಂದಿನ ಸಾಲಿನಲ್ಲಿ. ಗುಡ್ವಿನ್ ಅಧ್ಯಯನದಲ್ಲಿ ಗುಂಪಿನಲ್ಲಿದ್ದವರ ಮನಸ್ಸಿನ ಸಂಕಟ, ನೋವು ಎರಡೂ ಇಲ್ಲದವರಿಗಿಂತ ಕಡಿಮೆ ಇದ್ದವು. ಆದರೆ ಮೊದಲೇ ಸಂಕಟ ಜಾಸ್ತಿ ಇದ್ದವರಿಗೇ ಮುಖ್ಯವಾಗಿ ಲಾಭ. ಇದೇನಿದು? ಕಡಿಮೆ ಕಷ್ಟದಲ್ಲಿರುವವರಿಗೆ ಬೇಗ ವಾಸಿಯಾಗಬೇಕಲ್ವಾ?

ಜ್ವರದ ಲೆಕ್ಕ ಹಾಕಿದೆ. 102 ಡಿಗ್ರಿ ಇದ್ದವರಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಇಳಿಯುತ್ತದೆ. ಜ್ವರವೇ ಇಲ್ಲದವರಿಗೆ ಕೊಟ್ಟರೆ ಇಳಿಯುವುದಕ್ಕೆ ಏನಿದೆ? ಮಾತ್ರೆ ಕೆಟ್ಟದ್ದು ಅಂತಲ್ಲ, ಇಳಿಯಲು ಜಾಗವಿಲ್ಲ ಅಷ್ಟೇ. ಈಗ ನಾನೇ ಕಲ್ಪಿಸಿಕೊಂಡ ಅಂಕಿ ನೋಡಿ. ಸಂಕಟಕ್ಕೆ 0ಯಿಂದ 10ರವರೆಗೆ ಅಂಕ ಎಂದುಕೊಳ್ಳಿ. ಹತ್ತು ಜನರಲ್ಲಿ ಐವರದು 8ರಿಂದ 5ಕ್ಕೆ ಇಳಿಯಿತು. ಉಳಿದ ಐವರದು 2 ಇತ್ತು, 2ರಲ್ಲೇ ಉಳಿಯಿತು. ಹತ್ತೂ ಜನರ ಸರಾಸರಿ 5ರಿಂದ 3.5ಕ್ಕೆ ಬಂತು. ಕಾಗದದ ಮೇಲೆ ಇಳಿದದ್ದು ಒಂದೂವರೆ. ಬೇಕಾದವರಿಗೆ ಸಿಕ್ಕಿದ್ದು ಮೂರು! ಸರಾಸರಿ ಅದನ್ನು ಮುಚ್ಚಿಬಿಟ್ಟಿತು.

ಇನ್ನೊಂದು ಎಚ್ಚರ. ತುಂಬಾ ಸಂಕಟದಲ್ಲಿದ್ದಾಗ ಅಳೆದರೆ, ಏನೂ ಮಾಡದಿದ್ದರೂ ಕೆಲವರದು ತಾನಾಗಿಯೇ ಇಳಿಯುತ್ತದೆ. ಅದಕ್ಕೇ ಗುಂಪಿಗೆ ಸೇರದವರ ಅಂಕಿಯೂ ಪಕ್ಕದಲ್ಲಿರಬೇಕು. ಟೊಮೆಟೊಗೆ ಔಷಧಿ ಹೊಡೆದ ವಾರವೇ ಮೋಡ ಸರಿದು ಬಿಸಿಲು ಬಂದರೆ, ರೋಗ ನಿಂತದ್ದು ಯಾವುದರಿಂದ? ಹೊಡೆಯದೆ ಬಿಟ್ಟ ಸಾಲು ನೋಡಿದರೆ ತಾನೇ ಗೊತ್ತಾಗುವುದು.

ಸಂಕಟದ ಅಳತೆಗೆ ಡಿಸ್ಟ್ರೆಸ್ ಥರ್ಮಾಮೀಟರ್ ಇದೆ, ರೋಗಿಯೇ ಅಂಕ ಹೇಳುತ್ತಾರೆ: 0ಯಿಂದ 10, 4 ದಾಟಿದರೆ ಅಥವಾ ಮುಟ್ಟಿದರೆ ಮುಂದೆ ವಿಚಾರಿಸಬೇಕು. ಆತಂಕ, ಖಿನ್ನತೆ ಅಳೆಯುವ 14 ಪ್ರಶ್ನೆಗಳ ಹ್ಯಾಡ್ಸ್ ಇದೆ. ಅದರಲ್ಲಿ ಹಸಿವು, ನಿದ್ದೆ ಕೇಳುವುದಿಲ್ಲ, ಏಕೆಂದರೆ ಅವನ್ನು ಕೀಮೋ ಕೂಡ ಕೆಡಿಸುತ್ತದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು. ಯಾವ ಭಾಷೆಯಲ್ಲಿ ಕೇಳುತ್ತೇವೆ ಅನ್ನುವುದೂ ಮುಖ್ಯ ಅಂತ ನನಗನ್ನಿಸುತ್ತದೆ.

ಮನೋವೈದ್ಯ ಇರ್ವಿನ್ ಯಾಲೋಮ್ ಗುಂಪು ಚಿಕಿತ್ಸೆಯ ಗುಣಗಳಲ್ಲಿ ‘ನಾನೊಬ್ಬಳೇ ಅಲ್ಲ’ ಎಂಬ ಅರಿವನ್ನೂ ಹೇಳುತ್ತಾರೆ. ಇದನ್ನು ನಾನು ಬಾಯಿಪಾಠ ಮಾಡಬೇಕಾಗಲಿಲ್ಲ. ಚಿಕ್ಕಮ್ಮನಿಗೆ ಕೀಮೋ ನಡೆಯುತ್ತಿದ್ದಾಗ ಉದುರಿದ ಕೂದಲನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಗಿಲ ಹಿಂದೆ ನೇತುಹಾಕಿದ್ದರು. ನಾವ್ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಒಂದು ದಿನ ಬೆಂಗಳೂರಿನ ಆಸ್ಪತ್ರೆಯ ಬೆಂಚಿನ ಮೇಲೆ, ತಲೆಗೆ ಟವೆಲ್ ಸುತ್ತಿದ್ದ ಹೆಂಗಸೊಬ್ಬರು, ‘ನಾನೂ ಕೂದಲು ಎತ್ತಿಟ್ಟಿದೀನಮ್ಮ, ಎಸೆಯೋಕೆ ಮನಸ್ಸೇ ಬರಲ್ಲ’ ಎಂದರು. ಚಿಕ್ಕಮ್ಮ ಅವರ ಕಡೆ ಸರಿದು ಕೂತರು. ನಮ್ಮ ಟೋಕನ್ ನಂಬರ್ ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ.