ಕಲ್ಲು ಸೋಲುವುದು ಎಳೆತಕ್ಕೆ

ಹಾಸನ ಸುತ್ತಮುತ್ತಲ ಜಲ್ಲಿ ಕ್ವಾರಿಗಳಲ್ಲಿ ಬ್ಲಾಸ್ಟಿಂಗ್ ಮಾಡಿಸುವುದು ನನ್ನ ಕೆಲಸ. ಹೊಸ ಹುಡುಗರು ಮೊದಲು ಕೇಳುವುದು ಇದನ್ನೇ: "ಸಾರ್, ಮದ್ದು ಇರೋದು ಬಂಡೆಗೆ ಕೊರೆದ ಕುಳಿಯೊಳಗೆ, ಅಷ್ಟು ದೂರದಲ್ಲಿರೋ ಬಂಡೆಯ ಮುಂದಿನ ಮುಖ ಹೆಂಗೆ ಚಕ್ಕೆ ಏಳುತ್ತೆ?"

ಕೇರಂ ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಒಂದು ತುದಿಗೆ ಸ್ಟ್ರೈಕರ್ ಹೊಡೆಯಿರಿ. ನಡುವಿನವು ಹೆಚ್ಚುಕಮ್ಮಿ ಅಲ್ಲೇ ಇರುತ್ತವೆ, ಕೊನೆಯದು ಹಾರುತ್ತದೆ. ಅದಕ್ಕೆ ಮುಂದೆ ತಡೆ ಇಲ್ಲ, ಅಲ್ವಾ? ಬಂಡೆಯಲ್ಲಿ ಈ ಕಾಯಿಗಳು ಒಂದಕ್ಕೊಂದು ಅಂಟಿಕೊಂಡಿವೆ ಅಂದುಕೊಳ್ಳಿ. ಮದ್ದಿನ ಹೊಡೆತ ಗ್ರಾನೈಟಿನಲ್ಲಿ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬಂಡೆಯ ಬಯಲಿನ ಕಡೆಯ ಮುಖ ಮುಟ್ಟಿದ ಕೂಡಲೇ ಹೊರಗಿನ ಪದರ ಮುಂದಕ್ಕೆ ಜಿಗಿಯಲು ಹೋಗಿ ತನ್ನ ಹಿಂದಿನದನ್ನೂ ಎಳೆಯುತ್ತದೆ. ಒತ್ತುತ್ತಾ ಹೋದ ಅಲೆ ಎಳೆಯುತ್ತಾ ವಾಪಸ್ ಬರುತ್ತದೆ.

ಈ ಎಳೆತ ಕಲ್ಲಿಗೆ ಆಗಿಬರುವುದಿಲ್ಲ. ಒಳ್ಳೆ ಗ್ರಾನೈಟ್ ಒಂದು ಚದರ ಸೆಂಟಿಮೀಟರಿಗೆ 1500 ಕೆಜಿ ಭಾರವನ್ನೂ ತಡೆಯುತ್ತದೆ. ಎಳೆದರೆ ಅದರ ಹತ್ತನೇ ಒಂದು ಪಾಲಿನ ಆಸುಪಾಸಿಗೇ ಬಿಟ್ಟುಕೊಡುತ್ತದೆ. ಕುಳಿಯ ಅಂಚಿನಲ್ಲಿ ಮಾತ್ರ ಒತ್ತಡವೇ ಕಲ್ಲನ್ನು ಹಿಟ್ಟು ಮಾಡುತ್ತದೆ; ಬ್ಲಾಸ್ಟ್ ಆದಮೇಲೆ ಉಳಿದ ಅರ್ಧ ಕುಳಿಗೆ ಬೆರಳು ಸವರಿದರೆ ಬಿಳಿ ಪುಡಿ ಅಂಟುತ್ತದೆ. ಆಮೇಲೆ ಬಿರುಕಿಗೆ ನುಗ್ಗುವ ಬಿಸಿ ಗ್ಯಾಸು ತುಂಡುಗಳನ್ನು ದೂಡುತ್ತದೆ.

ಅದಕ್ಕೇ ನಾನು ಪದೇ ಪದೇ ಹೇಳುವುದು, ಕುಳಿಗಳ ಪ್ರತಿ ಸಾಲಿನ ಮುಂದೆಯೂ ಬಯಲು ಇರಬೇಕು. ಮುಂದಿನ ಸಾಲು ಹಾರಿ ಜಾಗ ಬಿಟ್ಟ ಮೇಲೆ ಹಿಂದಿನದು ಸಿಡಿಯಲಿ ಅಂತಲೇ ಸಾಲುಗಳ ನಡುವೆ 25 ಮಿಲಿಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಡಿಲೇ ಕೊಡುತ್ತೇವೆ. ಒಮ್ಮೆ ಒಂದು ಕ್ವಾರಿಯಲ್ಲಿ ಖರ್ಚು ಉಳಿಸಲು ಮೂರು ಸಾಲನ್ನೂ ಒಟ್ಟಿಗೆ ಹೊಡೆಸಿದರು. ಹಿಂದಿನ ಸಾಲುಗಳ ಬಂಡೆ ಸರಿಯಾಗಿ ಒಡೆಯಲೇ ಇಲ್ಲ. ಆ ಶಕ್ತಿಯೆಲ್ಲ ನೆಲ ಹಿಡಿದು ಊರಿನ ಕಡೆ ಹೋಯಿತು. ಸಂಜೆ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಕರ್ಕೊಂಡು ಹೋಗಿ ಗೋಡೆಯ ಬಿರುಕು ತೋರಿಸಿದರು. ನನಗೆ ಮಾತೇ ಹೊರಡಲಿಲ್ಲ.

ಬಿರುಕು ಕಣ್ಣಿಗೆ ಕಂಡರೆ ಪುಣ್ಯ. ಅಲೆ ಹಾದುಹೋದ ಕಲ್ಲಿನಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕುಗಳು ಸುಮ್ನೆ ಉಳಿದುಬಿಡುತ್ತವೆ. ಜಲ್ಲಿಗಾದರೆ ಪರವಾಗಿಲ್ಲ, ವಿಗ್ರಹದ ಕಲ್ಲಿಗೆ ಅದು ಸಾವು. ಬೇಲೂರಿನಲ್ಲಿ ನನಗೆ ಗೊತ್ತಿರುವ ಶಿಲ್ಪಿಯೊಬ್ಬರು ಕಲ್ಲು ಕೊಳ್ಳುವ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿ ಕೊಡುತ್ತಾರೆ. ಟಣ್ ಅಂದರೆ ದುಡ್ಡು ಎಣಿಸುತ್ತಾರೆ, ಡಬ್ ಅಂದರೆ ಮುಂದಿನ ಕಲ್ಲಿಗೆ ಹೋಗುತ್ತಾರೆ.