ಸ್ಪೋರ್ಟ್ಸ್ ಕಾರನ್ನು ತಗ್ಗಿಸಿದಾಗ ಅಲೈನ್‌ಮೆಂಟ್ ಏಕೆ ಕೆಡುತ್ತದೆ: ಆಟೊಮೊಬೈಲ್ ವಿದ್ಯಾರ್ಥಿಗಳಿಗೊಂದು ಟಿಪ್ಪಣಿ

ಕಾರನ್ನು ತಗ್ಗಿಸುವುದೆಂದರೆ ಮೂಲ ಸ್ಪ್ರಿಂಗನ್ನು ತೆಗೆದು ಗಿಡ್ಡ ಸ್ಪ್ರಿಂಗನ್ನೋ, ಎತ್ತರ ಹೊಂದಿಸಬಲ್ಲ ಕಾಯಿಲ್‌ಓವರನ್ನೋ ಕೂರಿಸಿ ಬಾಡಿಯನ್ನು ನೆಲಕ್ಕೆ ಹತ್ತಿರ ತರುವುದು. ಹೀಗೆ ತಗ್ಗಿಸಿದ ಕಾರುಗಳು ತುಮಕೂರಿನ ಬಿ.ಎಚ್. ರಸ್ತೆಯ ಟೈರ್ ಅಂಗಡಿಗಳಿಗೆ ಬಂದಾಗ ಅವುಗಳ ಮುಂದಿನ ಟೈರನ್ನು ಗಮನಿಸಿ ನೋಡಬೇಕು. ಒಳ ಅಂಚು ತಂತಿ ಕಾಣುವಷ್ಟು ಸವೆದಿರುತ್ತದೆ, ಹೊರ ಅಂಚಿನ ಗೀರುಗಳು ಇನ್ನೂ ಆಳವಾಗಿಯೇ ಇರುತ್ತವೆ. ನೋಡಿದವರೆಲ್ಲ ಕ್ಯಾಂಬರ್ ಮೇಲೆ ತಪ್ಪು ಹೊರಿಸುತ್ತಾರೆ. ಕ್ಯಾಂಬರ್ ಬದಲಾಗುವುದು ನಿಜವೇ, ಆದರೆ ಟೈರನ್ನು ತಿನ್ನುವುದು ಬಹುಮಟ್ಟಿಗೆ ಅದರ ಜೊತೆಯಲ್ಲಿ ಸದ್ದಿಲ್ಲದೆ ಬದಲಾಗುವ ಟೋ ಎಂಬುದು ಇಷ್ಟು ಓದಿದ ಮೇಲೆ ನನ್ನ ಅಭಿಪ್ರಾಯ.

ಅಲೈನ್‌ಮೆಂಟ್ ಎಂದರೆ ಚಕ್ರಗಳ ಮೂರು ಕೋನಗಳ ಹೊಂದಾಣಿಕೆ, ಅವುಗಳನ್ನು ಒಮ್ಮೆ ನೆನಪಿಸಿಕೊಂಡು ಮುಂದುವರಿಯುತ್ತೇನೆ. ಮುಂದಿನಿಂದ ನೋಡಿದಾಗ ಚಕ್ರದ ವಾಲುವಿಕೆ ಕ್ಯಾಂಬರ್ (ಮೇಲ್ತುದಿ ಒಳಕ್ಕೆ ವಾಲಿದ್ದರೆ ನೆಗೆಟಿವ್, ಹೊರಕ್ಕೆ ವಾಲಿದ್ದರೆ ಪಾಸಿಟಿವ್), ಮೇಲಿನಿಂದ ನೋಡಿದಾಗ ಅದರ ಒಳಮುಖ ಅಥವಾ ಹೊರಮುಖ ಟೋ (ಮುಂತುದಿ ಒಳಕ್ಕಿದ್ದರೆ ಟೋ-ಇನ್, ಹೊರಕ್ಕಿದ್ದರೆ ಟೋ-ಔಟ್), ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷದ ವಾಲುವಿಕೆ ಕ್ಯಾಸ್ಟರ್.

ಲೋಯರ್ ಆರ್ಮ್ ಅಡ್ಡಗೆರೆಗೆ ಬಂದ ಮೇಲೆ ಕ್ಯಾಂಬರ್ ಏನಾಗುತ್ತದೆ?

ಇಡೀ ವಿಷಯದಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಹಂತ ಇದೇ ಆದ್ದರಿಂದ ಇಲ್ಲಿ ನಿಧಾನವಾಗಿ ಸಾಗೋಣ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಇರುವ ಮುಂಭಾಗವನ್ನು ತೆಗೆದುಕೊಳ್ಳಿ. ಸ್ಟ್ರಟ್ಟಿನ ಮೇಲ್ತುದಿ ಬಾಡಿಗೆ ಕಚ್ಚಿಕೊಂಡಿದೆ, ಕೆಳತುದಿಯನ್ನು ಲೋಯರ್ ಆರ್ಮಿನ, ಅಂದರೆ ಬಾಡಿಯಿಂದ ಚಕ್ರದತ್ತ ಚಾಚಿರುವ ಕೆಳಗಿನ ತೋಳಿನ, ಹೊರತುದಿಯಲ್ಲಿರುವ ಬಾಲ್ ಜಾಯಿಂಟ್ (ಗುಂಡು ಕೀಲು) ಹಿಡಿದಿದೆ. ಚಕ್ರವನ್ನು ಹೊತ್ತ ನಕಲ್ ಸ್ಟ್ರಟ್ಟಿಗೇ ಬೋಲ್ಟ್ ಆಗಿರುವುದರಿಂದ, ಮೇಲ್ತುದಿಯಿಂದ ಬಾಲ್ ಜಾಯಿಂಟಿಗೆ ಎಳೆದ ಗೆರೆ ಎಷ್ಟು ಡಿಗ್ರಿ ವಾಲುತ್ತದೆಯೋ ಚಕ್ರವೂ ಅಷ್ಟೇ ವಾಲುತ್ತದೆ. ಹೀಗಾಗಿ ಕ್ಯಾಂಬರ್ ಬದಲಾವಣೆಯನ್ನು ಲೆಕ್ಕ ಹಾಕಲು ಈ ಒಂದು ಗೆರೆಯನ್ನು ಹಿಂಬಾಲಿಸಿದರೆ ಸಾಕು.

ಸಾಮಾನ್ಯವಾಗಿ ಕೇಳಿಬರುವ ವಿವರಣೆ ಹೀಗಿದೆ: ಆರ್ಮ್ ಮೊದಲು ಹೊರತುದಿಯಲ್ಲಿ ಕೆಳಕ್ಕೆ ಬಾಗಿರುತ್ತದೆ, ಕಾರು ತಗ್ಗಿದಂತೆ ಅದು ಅಡ್ಡಗೆರೆಯತ್ತ ಏರುತ್ತಾ ಬಾಲ್ ಜಾಯಿಂಟನ್ನು ಹೊರಕ್ಕೆ ತಳ್ಳುತ್ತದೆ, ಆಗ ಕ್ಯಾಂಬರ್ ನೆಗೆಟಿವ್ ಆಗುತ್ತದೆ, ಅಡ್ಡಗೆರೆಯನ್ನು ದಾಟಿದೊಡನೆ ಬಾಲ್ ಜಾಯಿಂಟ್ ಒಳಕ್ಕೆ ಸರಿದು ಕ್ಯಾಂಬರ್ ಪಾಸಿಟಿವ್ ಕಡೆಗೆ ತಿರುಗುತ್ತದೆ. ಇದರ ಮೊದಲ ಭಾಗ ಸರಿ, ಕೊನೆಯ ಭಾಗ ತಪ್ಪು. ಗ್ರಾಫ್ ಹಾಳೆಯಲ್ಲಿ ಬರೆದು ನೋಡಿದರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ.

ಲೆಕ್ಕಕ್ಕಾಗಿ ಆರ್ಮಿನ ಉದ್ದ 350 ಮಿ.ಮೀ., ಅದು ಕೆಳಕ್ಕೆ ಬಾಗಿರುವ ಕೋನ 8 ಡಿಗ್ರಿ, ಬಾಲ್ ಜಾಯಿಂಟಿನಿಂದ ಸ್ಟ್ರಟ್ ಮೇಲ್ತುದಿಗೆ ಎತ್ತರ 600 ಮಿ.ಮೀ., ಮೇಲ್ತುದಿ ಬಾಲ್ ಜಾಯಿಂಟಿಗಿಂತ ಒಳಗಿರುವ ದೂರ 130 ಮಿ.ಮೀ. ಎಂದಿಟ್ಟುಕೊಳ್ಳಿ. ಗೆರೆಯ ವಾಲುವಿಕೆ 130ನ್ನು 600ರಿಂದ ಭಾಗಿಸಿ ಬಂದ ಟ್ಯಾಂಜೆಂಟಿನ ಕೋನ, ಅಂದರೆ 12.2 ಡಿಗ್ರಿ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಬಾಲ್ ಜಾಯಿಂಟ್ 2.9 ಮಿ.ಮೀ. ಹೊರಕ್ಕೆ ಹೋಗಿ ದೂರ 132.9 ಆಗುತ್ತದೆ, ಎತ್ತರ 570ಕ್ಕೆ ಇಳಿಯುತ್ತದೆ, ಕೋನ 13.1ಕ್ಕೆ ಏರುತ್ತದೆ. ಕ್ಯಾಂಬರ್ 0.9 ಡಿಗ್ರಿ ನೆಗೆಟಿವ್ ಕಡೆಗೆ ಸರಿಯಿತು. ಇನ್ನೂ 30 ಮಿ.ಮೀ. ತಗ್ಗಿಸಿದರೆ ಆರ್ಮ್ ಅಡ್ಡಗೆರೆಯನ್ನು ದಾಟಿ ತುಸು ಮೇಲಕ್ಕೆ ಬಾಗುತ್ತದೆ. ಬಾಲ್ ಜಾಯಿಂಟ್ ಹೊರಕ್ಕೆ ಹೋಗುವುದು ಬಹುತೇಕ ನಿಂತಿದೆ, ಆದರೂ ಕೋನ 13.9 ಆಗುತ್ತದೆ. ಮೂರನೆಯ 30 ಮಿ.ಮೀ.ನಲ್ಲಿ ಬಾಲ್ ಜಾಯಿಂಟ್ ನಿಜವಾಗಿಯೇ 2 ಮಿ.ಮೀ.ಗಿಂತ ಹೆಚ್ಚು ಒಳಕ್ಕೆ ಬರುತ್ತದೆ, ಆದರೂ ಕೋನ 14.4ಕ್ಕೆ ಏರುತ್ತದೆ.

ಬಾಲ್ ಜಾಯಿಂಟ್ ಒಳಕ್ಕೆ ಬಂದರೂ ಕೋನ ಏಕೆ ಏರಿತು? ಉತ್ತರ ಭಾಗಾಕಾರದ ಕೆಳಗಿನ ಸಂಖ್ಯೆಯಲ್ಲಿದೆ. ಅಡ್ಡ ದೂರ ಬದಲಾಗದಿದ್ದರೂ ಸ್ಟ್ರಟ್ ಗಿಡ್ಡವಾಗುತ್ತಲೇ ಇದೆ. 600 ಇದ್ದದ್ದು 510 ಆದಾಗ ಅದೇ 130 ಮಿ.ಮೀ. ದೊಡ್ಡ ಕೋನವನ್ನೇ ಕೊಡುತ್ತದೆ. ಕ್ಯಾಂಬರ್ ನಿಜಕ್ಕೂ ಹಿಂದಕ್ಕೆ ತಿರುಗುವುದು ಆರ್ಮ್ ನೆಲಕ್ಕೆ ಸಮಾನಾಂತರವಾದಾಗ ಅಲ್ಲ, ಸ್ಟ್ರಟ್ಟಿನ ಗೆರೆಗೆ ಲಂಬವಾದಾಗ. ಆ ಕ್ಷಣದಲ್ಲಿ ಬಾಲ್ ಜಾಯಿಂಟ್ ಗೆರೆಯ ಉದ್ದಕ್ಕೇ ಚಲಿಸುತ್ತದೆ, ಹಾಗಾಗಿ ಗೆರೆ ತಿರುಗುವುದಿಲ್ಲ. ಸ್ಟ್ರಟ್ 14 ಡಿಗ್ರಿಯಷ್ಟು ಒಳಕ್ಕೆ ವಾಲಿದ್ದರೆ ಆರ್ಮಿನ ಹೊರತುದಿ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೇರಿದಾಗ ಮಾತ್ರ ಅದು ಲಂಬವಾಗುತ್ತದೆ. ನಮ್ಮ ಲೆಕ್ಕದ ಕಾರು 90 ಮಿ.ಮೀ. ತಗ್ಗಿದರೂ ಆರ್ಮ್ ಏರಿರುವುದು 7 ಡಿಗ್ರಿಯ ಹತ್ತಿರ ಅಷ್ಟೆ. ನೆನಪಿಡಬೇಕಾದದ್ದು ಬದಲಾವಣೆಯ ದರ: ಮೊದಲ 30ಕ್ಕೆ 0.9, ಎರಡನೆಯದಕ್ಕೆ 0.73, ಮೂರನೆಯದಕ್ಕೆ 0.54 ಡಿಗ್ರಿ. ತಿರುವಿನಲ್ಲಿ ಬಾಡಿ ಹೊರಕ್ಕೆ ವಾಲಿದಾಗ ಹೊರ ಚಕ್ರವನ್ನು ನೆಟ್ಟಗೆ ನಿಲ್ಲಿಸಬೇಕಾದದ್ದು ಇದೇ ದರ. ತೀರಾ ತಗ್ಗಿಸಿದ ಕಾರು ನಿಂತಲ್ಲಿ ಹೆಚ್ಚು ನೆಗೆಟಿವ್ ಕ್ಯಾಂಬರ್ ತೋರಿಸಿದರೂ ತಿರುವಿನಲ್ಲಿ ಅದಕ್ಕೆ ಸಿಗುವ ನೆರವು ಕಡಿಮೆ.

ಡಬಲ್ ವಿಷ್‌ಬೋನ್ ಇದ್ದಲ್ಲಿ ಮೇಲಿನ ಆರ್ಮ್ ಗಿಡ್ಡ, ಕೆಳಗಿನದು ಉದ್ದ; ಎರಡರ ಉದ್ದ ಮತ್ತು ಕೋನಗಳನ್ನು ಆಯ್ದು ಈ ದರವನ್ನು ವಿನ್ಯಾಸಕಾರರು ತಮಗೆ ಬೇಕಾದಂತೆ ಇಡಬಹುದು. ಮಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆಯಲ್ಲಿ ನಾಲ್ಕೂ ಚಕ್ರಗಳಿಗೆ ಇದೇ ವ್ಯವಸ್ಥೆ ಇತ್ತು. ದಶಕಗಳ ಕಾಲ ಮುಂದೆ ಸ್ಟ್ರಟ್ಟನ್ನೇ ಬಳಸಿದ ಪೋರ್ಷೆ 911 ಕೂಡ 2021ರ ಜಿಟಿ3 ಮಾದರಿಯಲ್ಲಿ ಡಬಲ್ ವಿಷ್‌ಬೋನಿಗೆ ಬಂದಿತು.

ಟೋ

ಸ್ಟಿಯರಿಂಗ್ ರ‍್ಯಾಕಿನಿಂದ ನಕಲ್‌ಗೆ ಹೋಗುವ ಟೈ ರಾಡ್ ಕೂಡ ಒಂದು ಕಮಾನಿನಲ್ಲಿ ತಿರುಗುತ್ತದೆ. ಅದರ ಕಮಾನು ಲೋಯರ್ ಆರ್ಮಿನ ಚಲನೆಯೊಂದಿಗೆ ಹೊಂದಿಕೆಯಾಗುವಂತೆ ಕಂಪನಿ ಮೂಲ ಎತ್ತರದ ಆಸುಪಾಸಿಗೆ ಮಾತ್ರ ಲೆಕ್ಕ ಹಾಕಿರುತ್ತದೆ. ಕಾರು ತಗ್ಗಿದಾಗ ಎರಡೂ ಕಮಾನುಗಳು ಬೇರ್ಪಟ್ಟು ರಾಡ್ ನಕಲನ್ನು ಎಳೆಯುತ್ತದೆ ಅಥವಾ ನೂಕುತ್ತದೆ. ರಾಡ್ ಚಕ್ರದ ಅಕ್ಷಕ್ಕಿಂತ ಹಿಂದಿದ್ದು ಒಳಕ್ಕೆ ಎಳೆದರೆ ಟೋ-ಔಟ್, ಮುಂದಿದ್ದು ಒಳಕ್ಕೆ ಎಳೆದರೆ ಟೋ-ಇನ್. ಹಂಪ್ ದಾಟುವಾಗ ಸ್ಟಿಯರಿಂಗ್ ತಿರುಗಿಸದಿದ್ದರೂ ಚಕ್ರ ತಾನಾಗಿ ತಿರುಗುವ ಬಂಪ್ ಸ್ಟಿಯರ್ ಹುಟ್ಟುವುದೂ ಇಲ್ಲಿಂದಲೇ.

ಇದರ ಬೆಲೆ ಎಷ್ಟೆಂದು ನೋಡಿ. ಒಂದು ಚಕ್ರ 0.25 ಡಿಗ್ರಿ ಹೊರಮುಖವಾಗಿದ್ದರೆ ಕಾರು ಪ್ರತಿ ಕಿ.ಮೀ. ಸಾಗುವಾಗ ಆ ಚಕ್ರದ ರಬ್ಬರು ಒಟ್ಟು ಸುಮಾರು 4.4 ಮೀಟರ್ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಎಂದರೆ ಒಂದೇ ಪಯಣದಲ್ಲಿ 300 ಮೀಟರ್ ಮೀರುತ್ತದೆ. ನೆಗೆಟಿವ್ ಕ್ಯಾಂಬರ್ ಭಾರವನ್ನು ಒಳ ಅಂಚಿಗೆ ತಂದಿಟ್ಟಿರುವುದರಿಂದ ಆ ಉಜ್ಜಾಟವೆಲ್ಲ ಅಲ್ಲಿಯೇ ನಡೆಯುತ್ತದೆ. ಕ್ಯಾಂಬರ್ ಒಂದೇ ಹೆಚ್ಚಾಗಿ ಟೋ ಸರಿಯಾಗಿದ್ದರೆ ಸವೆತ ಬಹಳ ನಿಧಾನ. ಅನುಮಾನವಿದ್ದರೆ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡಬಹುದು: ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಸವರಿದಾಗ ಗೀರುಗಳ ಅಂಚು ಚುಚ್ಚಿದರೆ ಟೋ-ಇನ್ ಹೆಚ್ಚಾಗಿದೆ, ತಿರುವುಮುರುವಾಗಿದ್ದರೆ ಟೋ-ಔಟ್. ಅಲೈನ್‌ಮೆಂಟ್ ಅಳೆಯುವ ಯಂತ್ರಕ್ಕೆ ಹತ್ತಿಸುವ ಮೊದಲೇ ಅರ್ಧ ಉತ್ತರ ಸಿಗುವ ಪರೀಕ್ಷೆ ಇದು, ತಂತಿ ಹೊರಬಂದ ಟೈರಿನ ಮೇಲೆ ಮಾತ್ರ ಬೇಡ.

ಯಂತ್ರದ ಚೀಟಿಯನ್ನು ಓದುವಾಗ ಎರಡು ಸಂಗತಿಗಳು ಬೇಕಾಗುತ್ತವೆ. ಕೆಲವು ಯಂತ್ರಗಳು ದಶಮಾಂಶದಲ್ಲಿ, ಕೆಲವು ಡಿಗ್ರಿ ಮತ್ತು ಮಿನಿಟ್‌ಗಳಲ್ಲಿ ಮುದ್ರಿಸುತ್ತವೆ. ಡಿಗ್ರಿಗೆ 60 ಮಿನಿಟ್ ಆದ್ದರಿಂದ 1 ಡಿಗ್ರಿ 30 ಮಿನಿಟ್ ಎಂದರೆ 1.5, ಖಂಡಿತ 1.3 ಅಲ್ಲ, 6 ಮಿನಿಟ್‌ಗೆ 0.1 ಎಂದು ಹಿಡಿದರೆ ಬಾಯಿಲೆಕ್ಕ ಸಲೀಸು. ಇನ್ನು ಟೋ ಮಿ.ಮೀ.ನಲ್ಲಿ ಬಂದಾಗ 18 ಇಂಚಿನ ರಿಮ್ಮಿಗೆ 1 ಡಿಗ್ರಿ ಸುಮಾರು 8 ಮಿ.ಮೀ., 16 ಇಂಚಿಗೆ ಸುಮಾರು 7. ಆ ಅಂಕಿ ಒಂದು ಚಕ್ರದ್ದೋ ಎರಡೂ ಚಕ್ರಗಳ ಒಟ್ಟು ಟೋವೋ ಎಂಬುದನ್ನು ನೋಡದೆ ಹೋಲಿಸಿದರೆ ಲೆಕ್ಕ ನೇರವಾಗಿ ಎರಡು ಪಟ್ಟು ತಪ್ಪುತ್ತದೆ.

ಉಳಿದದ್ದು

ಮುಂಭಾಗವನ್ನು ಹಿಂಭಾಗಕ್ಕಿಂತ ಹೆಚ್ಚು ತಗ್ಗಿಸಿದರೆ ಇಡೀ ಬಾಡಿ ಮುಂದಕ್ಕೆ ಬಾಗುವುದರಿಂದ ಕ್ಯಾಸ್ಟರ್ ಕಡಿಮೆಯಾಗುತ್ತದೆ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2,500 ಮಿ.ಮೀ. ಇದ್ದು ಮುಂದೆ 20 ಮಿ.ಮೀ. ಹೆಚ್ಚು ತಗ್ಗಿದ್ದರೆ ಇಳಿಕೆ ಅರ್ಧ ಡಿಗ್ರಿಗೂ ಒಳಗೆ. ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಬಿಗಿ ತುಸು ಸಡಿಲವಾದಂತೆ ಕೈಗೆ ತಿಳಿಯಬಹುದು. ಹಿಂದೆ ಮಲ್ಟಿಲಿಂಕ್ (ಪ್ರತಿ ಚಕ್ರವನ್ನು ಹಲವು ತೋಳುಗಳು ಹಿಡಿದಿರುವ ವ್ಯವಸ್ಥೆ) ಇದ್ದರೆ ಅಲ್ಲಿಯೂ ಕ್ಯಾಂಬರ್ ಮತ್ತು ಟೋ ಎರಡೂ ಬದಲಾಗುತ್ತವೆ, ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ತೊಲೆ) ಇದ್ದರೆ ಬದಲಾವಣೆ ಅಲ್ಪ.

ಸರಿಪಡಿಸುವಾಗ ಹಿಂದಿನ ಚಕ್ರಗಳು ಮೊದಲು, ಮುಂದಿನವು ಆಮೇಲೆ. ಪ್ರತಿ ಕಡೆಯಲ್ಲೂ ಕ್ಯಾಂಬರ್ ಮತ್ತು ಕ್ಯಾಸ್ಟರ್ ಮೊದಲು, ಟೋ ಕೊನೆಗೆ. ಕ್ಯಾಂಬರ್ ಅಲುಗಿಸಿದರೆ ಟೋ ಅಲುಗುತ್ತದೆ ಎಂಬುದೇ ಈ ಕ್ರಮಕ್ಕೆ ಕಾರಣ. ಸ್ಟ್ರಟ್ ಇರುವ ಅನೇಕ ಸಾಮಾನ್ಯ ಕಾರುಗಳಲ್ಲಿ ಮುಂದೆ ಹೊಂದಿಸಲು ಸಿಗುವುದು ಟೋ ಮಾತ್ರ. ಕ್ಯಾಂಬರ್ ಬೇಕಾದರೆ ಸ್ಟ್ರಟ್ಟಿನ ಕೆಳಗೆ ಕ್ಯಾಂಬರ್ ಬೋಲ್ಟನ್ನೋ ಮೇಲೆ ಕ್ಯಾಂಬರ್ ಪ್ಲೇಟನ್ನೋ ಹಾಕಿಸಬೇಕು. ಕ್ಯಾಂಬರನ್ನು ಮೂಲ ಅಂಕಿಗೇ ಮರಳಿಸಬೇಕೆಂದು ಹಟ ಹಿಡಿಯುವುದಕ್ಕಿಂತ ಎಡ ಬಲ ಸಮವಾಗಿಸಿ, ಟೋವನ್ನು ಕಂಪನಿಯ ಮಿತಿಯೊಳಗೆ ತರುವುದೇ ಹಣಕ್ಕೆ ತಕ್ಕ ಕೆಲಸ.

ಪಠ್ಯಗಳು ಒಂದೇ ಸಾಲಿನಲ್ಲಿ ಮುಗಿಸುವ ಇನ್ನೊಂದು ಮಾತಿದೆ. ಲೋಯರ್ ಆರ್ಮಿನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ಲಿಫ್ಟಿನ ಮೇಲೆ ನೇತಾಡುತ್ತಿರುವಾಗ ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರು ತಿರುಚಿಕೊಂಡು ಕಾರನ್ನು ಮೇಲಕ್ಕೆ ಎತ್ತಿಹಿಡಿಯುತ್ತದೆ, ಬೇಗ ಸೀಳುತ್ತದೆ ಕೂಡ. ಚಕ್ರದ ಮೇಲೆ ಭಾರ ಕೂತ ಸ್ಥಿತಿಯಲ್ಲೇ ಆ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿಯಬೇಕು. ಹೊಸ ಸ್ಪ್ರಿಂಗ್ ಕೆಲವು ನೂರು ಕಿ.ಮೀ. ಓಡಿದ ಮೇಲೆ ಇನ್ನಷ್ಟು ಕೂರುವುದರಿಂದ ಎತ್ತರವನ್ನು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಕಮಾನಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಆ ಅಳತೆ ಇಳಿದಿದ್ದರೆ ಟೋವನ್ನು ಮತ್ತೊಮ್ಮೆ ನೋಡಿಸಬೇಕು.